ಮೀನಿನ ತೊಟ್ಟಿಗೆ ಕಾಫಿ ಬೊಡ್ಡೆ: ಕೊಡುವ ಮುನ್ನ ನೋಡಬೇಕಾದದ್ದು

ಹಳೆಯ ಕಾಫಿ ಗಿಡಗಳನ್ನು ಕಿತ್ತು ಹೊಸ ಸಸಿ ನೆಡುವ ಸದಸ್ಯರ ಅಂಗಳದಲ್ಲಿ ಬೊಡ್ಡೆಗಳ ರಾಶಿ ಬೀಳುವುದು ಹೊಸ ಸಂಗತಿಯೇನಲ್ಲ. ಬಹಳ ಕಾಲ ಅದು ಬಚ್ಚಲೊಲೆಯ ಸೌದೆಯಾಗಿತ್ತು. ಆಮೇಲೆ ಅಂಕುಡೊಂಕಾದ ಕಾಂಡಕ್ಕೆ ಮೆರುಗೆಣ್ಣೆ ಬಳಿದು, ಮೇಲೊಂದು ಗಾಜು ಇಟ್ಟು, ಟೀಪಾಯಿ ಮಾಡಿ ಮಾರುವವರು ಬಂದರು. ಈಗ ಮೂರನೆಯ ಉಪಯೋಗವೊಂದು ಹುಟ್ಟಿಕೊಂಡಿದೆ. ಬೆಂಗಳೂರಿನಲ್ಲಿ ಗಾಜಿನ ತೊಟ್ಟಿಯೊಳಗೆ ಮೀನಿನ ಜೊತೆಗೆ ನೀರುಗಿಡಗಳನ್ನೂ ಬೆಳೆಸುವ ಹವ್ಯಾಸಿಗಳು ಈ ಬೊಡ್ಡೆಗಳನ್ನು ಕೇಳಿ ಪಡೆಯತೊಡಗಿದ್ದಾರೆ. ಅಂಗಡಿಗಳಲ್ಲಿ ಹೊರದೇಶದಿಂದ ಬಂದ ಕಟ್ಟಿಗೆಯನ್ನು ತೂಕದ ಲೆಕ್ಕದಲ್ಲಿ ಮಾರುವುದುಂಟು. ಊರಿನ ತೋಟದಲ್ಲೇ ಬಿಟ್ಟಿ ಸಿಕ್ಕುವಾಗ ಅದಕ್ಕೇಕೆ ದುಡ್ಡು ಕೊಡಬೇಕೆಂದು ಅವರು ಕೇಳುವುದು ನ್ಯಾಯವೇ.

ನ್ಯಾಯವೆಂದು ತಿಳಿದೇ ನಾನೂ ಒಂದು ಬೊಡ್ಡೆಯನ್ನು ಬಸವೇಶ್ವರನಗರದ ಮಗಳ ಮನೆಗೆ ಬಸ್ಸಿನಲ್ಲಿ ಹೊತ್ತು ತಂದೆ. ಮೊಮ್ಮಗನ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ನಾನು ಆರಿಸಿದ್ದು ನೋಡಲು ಬಹಳ ಸೊಗಸಾದ ಬೊಡ್ಡೆ. ಅರೇಬಿಕಾ ತಾಕಿನದು, ಮೈತುಂಬ ತೂತು, ಒಳಗೆಲ್ಲ ಸುರಂಗ. ಮರಿಮೀನು ಅಡಗಿಕೊಳ್ಳಲು ಹೇಳಿ ಮಾಡಿಸಿದಂತಿದೆ ಎಂದು ಎಲ್ಲರಿಗೂ ಸಂತೋಷವಾಯಿತು. ಊರಿನಲ್ಲೇ ಹಂಡೆಯಲ್ಲಿ ಒಂದು ಗಂಟೆ ಕುದಿಸಿ ತಂದಿದ್ದೆನಾದ್ದರಿಂದ ನೇರವಾಗಿ ತೊಟ್ಟಿಗೆ ಇಳಿಸಿದೆವು. ಎರಡನೆಯ ದಿನ ಪುಟ್ಟ ಸೀಗಡಿಗಳು ಸತ್ತು ಬಿದ್ದವು. ಬಸವನಹುಳುಗಳು ಚಿಪ್ಪಿನೊಳಗೆ ಸೇರಿದವು ಹೊರಗೆ ಬರಲಿಲ್ಲ. ಐದನೆಯ ದಿನ ಮೀನುಗಳು ನೀರಿನ ಮೇಲ್ಮಟ್ಟಕ್ಕೆ ಬಂದು ಬಾಯಿ ಬಿಡತೊಡಗಿದವು. ಮಗಳು ಫೋನಿನಲ್ಲಿ, "ಅಪ್ಪಯ್ಯ, ಒಂದೂ ಉಳಿಯುವ ಹಾಗೆ ಕಾಣುವುದಿಲ್ಲ" ಎಂದಳು. ಮೊಮ್ಮಗ ಫೋನು ಕಸಿದುಕೊಂಡು ಕೇಳಿದ್ದು ಒಂದೇ ಮಾತು: "ಅಜ್ಜ, ಆ ಗಿಡಕ್ಕೆ ನೀವು ಏನೇನು ಹೊಡೆದಿದ್ರಿ?"

ಹತ್ತು ವರ್ಷದ ಹುಡುಗನಿಗೆ ಹೊಳೆದ ಪ್ರಶ್ನೆ ನಲವತ್ತು ವರ್ಷ ತೋಟ ಮಾಡಿದ ನನಗೆ ಹೊಳೆದಿರಲಿಲ್ಲ. ಯಾವ ಜಾತಿಯ ಮರ ಎಂದು ಮಾತ್ರ ನಾವು ಯೋಚಿಸುತ್ತೇವೆ. ಆ ಮರ ಜೀವಮಾನದಲ್ಲಿ ಏನನ್ನು ಮೈಗೆ ಬಳಿಸಿಕೊಂಡಿತು ಎಂಬುದನ್ನು ಮರೆಯುತ್ತೇವೆ. ಆದುದರಿಂದ ಸದಸ್ಯ ಬಾಂಧವರ ಗಮನಕ್ಕೆ ಈ ವಿಷಯವನ್ನು ತರುತ್ತಿದ್ದೇನೆ.

ಬೋರರ್ ಗಿಡದ ಬೊಡ್ಡೆ ಬೇಡ

ಅರೇಬಿಕಾ ಕಾಫಿಯ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಇದರ ತಾಯಿದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ತಿಂಗಳುಗಟ್ಟಲೆ ಸುರಂಗ ಕೊರೆಯುತ್ತದೆ. ಇದನ್ನು ತಡೆಯಲು ನಾವು ಮಾಡುತ್ತ ಬಂದಿರುವುದೇನು? ತೆಂಗಿನ ನಾರಿನಿಂದ ಕಾಂಡವನ್ನು ಉಜ್ಜಿ, ದುಂಬಿ ಹಾರುವ ಕಾಲಕ್ಕೆ ಸರಿಯಾಗಿ ಬುಡದಿಂದ ಮೇಲಿನವರೆಗೆ ಔಷಧಿ ಬಳಿಯುವುದು. ಹಿಂದೆ ಬಿ.ಎಚ್.ಸಿ. ಇತ್ತು; 1997ರಲ್ಲಿ ಅದನ್ನು ನಿಷೇಧಿಸಿದರು. ಲಿಂಡೇನ್ ಮುಂದುವರಿಯಿತು, ಅದರ ಬಳಕೆಯೂ 2013ಕ್ಕೆ ಕೊನೆಗೊಂಡಿತು. ಇವುಗಳ ಜಾಗಕ್ಕೆ ಕ್ಲೋರ್‌ಪೈರಿಫಾಸ್ ಮೊದಲಾದವು ಬಂದವು. ಸುಣ್ಣದ ನೀರನ್ನಷ್ಟೇ ಬಳಿದು ಸುಧಾರಿಸಿಕೊಂಡವರೂ ಇದ್ದಾರೆ.

ಬಿ.ಎಚ್.ಸಿ. ಮತ್ತು ಲಿಂಡೇನ್ ಬೇಗ ಹಾಳಾಗುವ ವಸ್ತುಗಳಲ್ಲ. ಅವು ದೀರ್ಘಕಾಲ ಉಳಿಯುತ್ತವೆಂಬುದೂ ಅವುಗಳ ನಿಷೇಧಕ್ಕೆ ಒಂದು ಕಾರಣ. ಕ್ಲೋರ್‌ಪೈರಿಫಾಸ್ ನೀರಿಗಿಂತ ತೊಗಟೆಗೂ ಮರದ ನಾರಿಗೂ ಹೆಚ್ಚಾಗಿ ಅಂಟಿಕೊಳ್ಳುವಂಥದು. ಆದ್ದರಿಂದ ಒಂದೆರಡು ಗಂಟೆ ಕುದಿಸಿದ ಮಾತ್ರಕ್ಕೆ ಅದು ಹೋಗಿತೆಂದು ನಂಬುವಂತಿಲ್ಲ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಮಿನ ನೂರರಲ್ಲೊಂದು ಭಾಗವಿದ್ದರೂ ಕೆಲವು ಜಾತಿಯ ಮೀನುಗಳಿಗೆ ಅದು ಮಾರಕ. ಸೀಗಡಿಯ ಜಾತಿಯ ಜೀವಿಗಳಿಗೆ ಅಷ್ಟೂ ಬೇಕಾಗಿಲ್ಲ. ಕೀಟಕ್ಕೂ ಸೀಗಡಿಗೂ ಹತ್ತಿರದ ನಂಟು, ಕೀಟಕ್ಕೆ ಮಾಡಿದ ಮದ್ದು ಸೀಗಡಿಗೆ ನಾಟದೆ ಇರುವುದಿಲ್ಲ.

ಇನ್ನೊಂದು ಕಷ್ಟವಿದೆ. ನೋಡಲು ಚೆಂದವಾದ, ತೂತುಬಿದ್ದ ಬೊಡ್ಡೆಯೇ ಹುಳು ಬಿದ್ದ ಗಿಡದ್ದು. ಹುಳು ಬಿದ್ದ ತಾಕಿಗೇ ನಾವು ಔಷಧಿಯನ್ನು ಹೆಚ್ಚು ಬಳಿದಿರುತ್ತೇವೆ. ಹೀಗಾಗಿ ಪೇಟೆಯವರ ಕಣ್ಣಿಗೆ ಹಿಡಿಸುವ ಬೊಡ್ಡೆಯೇ ಎಲ್ಲಕ್ಕಿಂತ ಅಪಾಯದ್ದಾಗುವ ಸಂಭವ ಜಾಸ್ತಿ. ಬೋರರ್ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು, ಸೌದೆಗೆ ಇಡುವುದಾದರೆ ಮೊದಲು ನೀರಿನಲ್ಲಿ ಮುಳುಗಿಸಿಡಬೇಕು ಎಂಬ ಸಲಹೆ ಹಳೆಯದು. ತೋಟದ ಹಿತಕ್ಕಾಗಿ ಹೇಳಿದ ಆ ಮಾತನ್ನು ಪಾಲಿಸಿದರೆ ತೊಟ್ಟಿಯ ಮೀನಿಗೂ ಕ್ಷೇಮ.

ಹಾಗಾದರೆ ಕಾಫಿ ಬೊಡ್ಡೆ ಕೊಡಲೇಬಾರದೆ? ಕೊಡಬಹುದು. ರೊಬಸ್ಟಾಕ್ಕೆ ಈ ಹುಳುವಿನ ಕಾಟ ಕಡಿಮೆಯಾದ್ದರಿಂದ ಅದರ ಕಾಂಡಕ್ಕೆ ಔಷಧಿ ಬಳಿಯುವ ವಾಡಿಕೆಯೂ ಇಲ್ಲವೆನ್ನುವಷ್ಟು ಕಡಿಮೆ. ವಯಸ್ಸಾಗಿ ಕಿತ್ತ ರೊಬಸ್ಟಾ ಗಿಡದ ಬುಡ, ಅದರಲ್ಲೂ ಮಣ್ಣಿನೊಳಗಿದ್ದ ದಪ್ಪ ಬೇರು, ಗಟ್ಟಿಯಾಗಿಯೂ ಇರುತ್ತದೆ, ಆಕಾರವೂ ವಿಚಿತ್ರವಾಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ತೋಟಗಳಿಂದ ತೊಟ್ಟಿಗೆ ಹೋಗಬಹುದಾದ ಕಟ್ಟಿಗೆಯಲ್ಲಿ ಇದೇ ಮೊದಲನೆಯದು. ಆದರೆ ಬುಡಕ್ಕೆ ಕಳೆನಾಶಕ ಹೊಡೆಯುವ ತೋಟವಾದರೆ ಅದನ್ನೂ ಬಿಡುವುದೇ ಲೇಸು.

ಮೈಲುತುತ್ತದ ಲೆಕ್ಕ

ಅಡಿಕೆ ತೋಟದ ನಡುವೆ ಬೆಳೆದ ಕಾಫಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದೆಂದು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ನಮ್ಮ ಹಿರಿಯರಿಗೆ ತೋರಿಸಿಕೊಟ್ಟ ಲಾಗಾಯ್ತು ಮಳೆಗಾಲದ ಮುಂಚೆ ಒಂದು ಸಲ, ಮಳೆಯ ನಡುವೆ ಇನ್ನೊಂದು ಸಲ ಗೊನೆಗೆ ಹೊಡೆಯುತ್ತಲೇ ಬಂದಿದ್ದೇವೆ. ಗೊನೆಗೆ ಹೊಡೆದದ್ದು ಗೊನೆಯಲ್ಲೇ ನಿಲ್ಲುವುದಿಲ್ಲ. ಕೆಳಗಿನ ಕಾಫಿ, ಕಾಳುಮೆಣಸು, ಕೋಕೋ ಎಲ್ಲದರ ಮೈಮೇಲೂ ನೀಲಿ ಹನಿ ಬೀಳುತ್ತದೆ. ಕಾಫಿಯ ಎಲೆತುಕ್ಕಿಗೂ ಅರ್ಧ ಶೇಕಡದ ಬೋರ್ಡೋ ಬೇರೆ ಹೊಡೆಯುತ್ತೇವೆ.

ಶೇಕಡ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಬಾಯಿಪಾಠ. ಮೈಲುತುತ್ತದ ತೂಕದಲ್ಲಿ ಕಾಲುಪಾಲು ತಾಮ್ರ. ಈಗ ಮೊಮ್ಮಗನ ತೊಟ್ಟಿಯನ್ನು ತೆಗೆದುಕೊಳ್ಳಿ. ಪೂರ್ತಿ ತುಂಬಿದರೆ ಸುಮಾರು 56 ಲೀಟರ್. ಮರಳು, ಕಲ್ಲು ಕಳೆದು 50 ಲೀಟರ್ ಎನ್ನೋಣ. ಒಂದೇ ಒಂದು ಗ್ರಾಂ ಮೈಲುತುತ್ತ, ಅಂದರೆ ಒಂದು ಚಿಟಿಕೆ, ಅದರಲ್ಲಿ ಕರಗಿದರೆ ಲೀಟರಿಗೆ 5 ಮಿಲಿಗ್ರಾಂ ತಾಮ್ರವಾಯಿತು. ಸೀಗಡಿ, ಬಸವನಹುಳುಗಳನ್ನು ಕೊಲ್ಲಲು ಲೀಟರಿಗೆ ಒಂದು ಮಿಲಿಗ್ರಾಮಿನ ಸಣ್ಣ ಅಂಶ ಸಾಕು. ಬೋರ್ಡೋದಲ್ಲಿ ಸುಣ್ಣ ಬೆರೆತಿರುವುದರಿಂದ ತಾಮ್ರ ಒಮ್ಮೆಲೇ ಕರಗುವುದಿಲ್ಲ ನಿಜ. ಮಳೆಯಲ್ಲಿ ತೊಳೆದುಹೋಗದೆ ನಿಲ್ಲುವುದು ಆ ಗುಣದಿಂದಲೇ. ಆದರೆ ಕಟ್ಟಿಗೆಯ ಒಗರು ಬಿಟ್ಟು ನೀರು ತುಸು ಹುಳಿಯಾದರೆ ಅದೇ ತಾಮ್ರ ದಿನದಿಂದ ದಿನಕ್ಕೆ ಬಿಡುತ್ತಾ ಹೋಗುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗದವರು ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ರಾಜಾಜಿನಗರ, ವಿಜಯನಗರದ ಎಷ್ಟೋ ಮನೆಗಳಲ್ಲಿ ಕಾವೇರಿ ನೀರೂ ಉಂಟು, ಕೊಳವೆ ಬಾವಿಯ ನೀರೂ ಉಂಟು. ಕೊಳವೆ ಬಾವಿಯದು ಗಡಸು. ಕಾವೇರಿಯದು ಅದಕ್ಕಿಂತ ಮೆದು. ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟರೆ ಗಿಡಕ್ಕೂ ಮೀನಿಗೂ ಕಾವೇರಿ ನೀರೇ ಮೇಲು. ಆದರೆ ಮೆದು ನೀರಿನಲ್ಲಿ ತಾಮ್ರದ ವಿಷ ಹೆಚ್ಚು ತಾಗುತ್ತದೆ. ಒಂದೇ ತೋಟದ ಬೊಡ್ಡೆ ಕೆಂಗೇರಿಯ ಒಬ್ಬರ ಬೋರ್‌ವೆಲ್ ತೊಟ್ಟಿಯಲ್ಲಿ ಏನೂ ಮಾಡದೆ, ಬಸವೇಶ್ವರನಗರದ ಕಾವೇರಿ ತೊಟ್ಟಿಯಲ್ಲಿ ಸೀಗಡಿಗಳನ್ನು ಕೊಂದರೆ ಆಶ್ಚರ್ಯಪಡಬೇಕಾಗಿಲ್ಲ.

ನನ್ನ ತಪ್ಪು ಇಷ್ಟಕ್ಕೇ ಮುಗಿಯಲಿಲ್ಲ. ನಾನು ಬೊಡ್ಡೆ ಕುದಿಸಿದ ಹಂಡೆ ತಾಮ್ರದ್ದು! ಒಗರು ನೀರನ್ನು ತಾಮ್ರದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸಿದರೆ ಪಾತ್ರೆ ಫಳಫಳ ಹೊಳೆಯುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಹೊಳೆಯುವ ಹಾಗೆಯೇ. ಪಾತ್ರೆ ಬಿಟ್ಟ ತಾಮ್ರವನ್ನು ಕಟ್ಟಿಗೆ ಹೀರುತ್ತದೆ. ಮೊಮ್ಮಗನ ಸೀಗಡಿಗಳನ್ನು ಕೊಂದದ್ದು ಕಾಂಡಕ್ಕೆ ಬಳಿದ ಔಷಧಿಯೋ, ಅಜ್ಜಿಯ ಕಾಲದ ಹಂಡೆಯೋ, ಎರಡೂ ಸೇರಿಯೋ ಇಂದಿಗೂ ತೀರ್ಮಾನವಾಗಿಲ್ಲ. ಕುದಿಸುವುದಿದ್ದರೆ ಸ್ಟೀಲಿನ ಪಾತ್ರೆಯಲ್ಲೇ ಕುದಿಸತಕ್ಕದ್ದು. ಬೊಡ್ಡೆಯನ್ನು ಕಲ್ಲಿಗೆ ಬಿಗಿಯುವಾಗಲೂ ಹಿತ್ತಾಳೆಯ ತಿರುಪು ಕೂಡದು; ಹಿತ್ತಾಳೆಯೂ ತಾಮ್ರದ ಮಿಶ್ರಣವೇ.

ಪೇಟೆಯಲ್ಲಿ ಸಿಗುವ ಕಟ್ಟಿಗೆ

ತೋಟದ ನಂಟಿಲ್ಲದವರು ಏನು ಮಾಡಬೇಕು? ಹಿತ್ತಲಲ್ಲಿ ಸೀಬೆ ಮರವಿದ್ದರೆ ಅದೃಷ್ಟವಂತರು. ರಾಜಾಜಿನಗರದ ಹಳೆಯ ಮನೆಗಳ ಹಿಂದೆ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಒಣಗಿದ ಸೀಬೆ ಕೊಂಬೆ ಗಟ್ಟಿ, ನುಣುಪು, ಬಣ್ಣವೂ ಚೆಂದ. ಹುಣಸೆಯ ಕೆಚ್ಚೂ ಆಗುತ್ತದೆ. ಬೀದಿಬದಿಯ ಕಾಡು ಬಾದಾಮಿ ಮರದ ಒಣಗಿ ಉದುರಿದ ಎಲೆಯನ್ನು ತೊಟ್ಟಿಗೆ ಹಾಕುವ ರೂಢಿ ಜಗತ್ತಿನಾದ್ಯಂತ ಇದೆ; ಅದನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ, ನಾವು ಗುಡಿಸಿ ಎಸೆಯುತ್ತೇವೆ.

ಮಳೆಗಾಳಿಗೆ ಬಿದ್ದ ಬೀದಿಮರದ ಕೊಂಬೆಯನ್ನೆಲ್ಲ ಆರಿಸಿ ತರುವುದು ಸಲ್ಲದು. ಬೆಂಗಳೂರಿನ ರಸ್ತೆಗಳಲ್ಲಿ ಹೊಂಗೆ ಧಾರಾಳ. ಹೊಂಗೆಯ ಬೀಜಕ್ಕೂ ಬೇರಿಗೂ ಮೀನನ್ನು ಅಮಲೇರಿಸುವ ಗುಣವಿದೆ. ಬೇವು ಕೀಟನಾಶಕವೆಂದು ಬೇರೆ ಹೇಳಬೇಕಾಗಿಲ್ಲ. ಕಣಗಿಲೆಯ ಯಾವ ಭಾಗವೂ ಬೇಡ. ಕಳ್ಳಿಯಂತೆ ಹಾಲು ಸುರಿಸುವ ಗಿಡಗಳು, ಅಂಟು ಒಸರುವ ಸೂಚಿಪರ್ಣಿ ಮರಗಳು, ಎಣ್ಣೆ ವಾಸನೆಯ ನೀಲಗಿರಿ ಇವೂ ಬೇಡ. ಮಲೆನಾಡಿನ ಹಿರಿಯರಿಗೆ ಈ ವಿದ್ಯೆ ಹೊಸದಲ್ಲ. ಹೊಳೆಯ ಮಡುವಿನಲ್ಲಿ ಕಾರೆಕಾಯಿ ಜಜ್ಜಿ ಹಾಕಿ ಮೀನು ಮೇಲೇಳಿಸುತ್ತಿದ್ದ ಕಾಲವಿತ್ತು. ಕಾಕಮಾರಿಯ ಬೀಜವನ್ನೂ ಹಾಗೆ ಬಳಸುತ್ತಿದ್ದರು. ಮೀನು ಸಾಕುವ ಕೆರೆಯಲ್ಲಿ ಬೇಡದ ಮೀನು ತೆಗೆಯಲು ಹಿಪ್ಪೆ ಹಿಂಡಿ ಹಾಕುವುದು ಈಗಲೂ ಉಂಟು. ಕಾಸರಕ, ಗೇರುಮರದ ಜಾತಿಯವು ಮನುಷ್ಯನಿಗೇ ಆಗದವು. ಸೊನೆ, ವಾಸನೆ, ಕಹಿ ಇವುಗಳಲ್ಲಿ ಯಾವುದಿದ್ದರೂ ಕೈಬಿಡುವುದೇ ಜಾಣತನ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಸಿಗುವ ಚೂರುಪಾರು ಮರದ ಬಗ್ಗೆಯೂ ಎಚ್ಚರ ಬೇಕು. ಗೆದ್ದಲು ಹಿಡಿಯದಂತೆ ರಾಸಾಯನಿಕ ಕುಡಿಸಿದ ಮರವೂ ಕುಡಿಸದ ಮರವೂ ಕೊಯ್ದ ಮೇಲೆ ಒಂದೇ ರೀತಿ ಕಾಣುತ್ತವೆ. ಪ್ಲೈವುಡ್ಡಿನ ಮಾತಂತೂ ಬೇಡ. ಮೆರುಗೆಣ್ಣೆ ಹಚ್ಚಿದ ಕಾಫಿ ಟೀಪಾಯಿಯ ಕಾಲನ್ನು ಗರಗಸದಿಂದ ಕೊಯ್ದು ತೊಟ್ಟಿಗೆ ಹಾಕಿದವರೊಬ್ಬರನ್ನು ಬಲ್ಲೆ. ಫಲ ಹೇಳಬೇಕಾಗಿಲ್ಲ. ಇನ್ನು ವೃಷಭಾವತಿಯ ದಂಡೆ. ದೊಡ್ಡ ಮಳೆ ಬಂದಾಗ ಮೈಸೂರು ರಸ್ತೆಯುದ್ದಕ್ಕೂ ಕೆಂಗೇರಿಯವರೆಗೆ ಬಗೆಬಗೆಯ ಕೊರಡುಗಳು ತೇಲಿಬಂದು ದಡಕ್ಕೆ ಸಿಕ್ಕಿಕೊಳ್ಳುತ್ತವೆ. ಹೊಳೆ ತೊಳೆದ ಕಟ್ಟಿಗೆ ಶುದ್ಧವೆಂಬ ನಂಬಿಕೆ ಬೇರೆ ಕಡೆ ನಿಜವಿದ್ದೀತು. ಊರಿನ ಚರಂಡಿ, ಕಾರ್ಖಾನೆಗಳ ನೀರು ಹೊತ್ತು ಬೈರಮಂಗಲದ ಕಡೆ ಹರಿಯುವ ಈ ಹೊಳೆಯಲ್ಲಿ ಅದು ಸುಳ್ಳು. ತುರಹಳ್ಳಿ ಕಾಡಿಗೆ ತಿರುಗಾಡಲು ಹೋದವರು ಅಲ್ಲಿಂದ ಕಟ್ಟಿಗೆ ತರುವುದು ಕಾನೂನಿಗೂ ಸಮ್ಮತವಲ್ಲ. ಅಭಯಾರಣ್ಯದ ಹಳ್ಳಗಳಿಂದ ಕೊರಡು ಎತ್ತುವವರಿಗೂ ಇದೇ ಮಾತು.

ಅಡಿಕೆ ಬೆಳೆಗಾರರು ಅಡಿಕೆ ಮರವೇ ಆದೀತೆ ಎಂದು ಕೇಳಬಹುದು. ಆಗದು. ಹೊರಗಿನ ದಬ್ಬೆ ಗಟ್ಟಿಯಾದರೂ ಒಳಗಿನ ತಿರುಳು ಬೇಗ ಕೊಳೆತು ನೀರನ್ನು ಕೆಡಿಸುತ್ತದೆ. ಹಾಳೆಯೂ ಸಿಪ್ಪೆಯೂ ಅಷ್ಟೇ. ನೆರಳಿಗೆ ಹಾಕಿದ ಹಾಲವಾಣ ಅದಕ್ಕಿಂತ ಮೆದು. ತಿರುಳು ಕೆರೆದು ತೆಗೆದ ತೆಂಗಿನ ಚಿಪ್ಪು ಮಾತ್ರ ಬಹಳ ಒಳ್ಳೆಯದು. ಮೀನು ಅದರೊಳಗೆ ಮನೆ ಮಾಡುತ್ತದೆ.

ಹದ ಮಾಡುವ ಬಗೆ

ಹಸಿ ಕಟ್ಟಿಗೆಯನ್ನು ಎಂದೂ ಹಾಕಬಾರದು. ಕಿತ್ತ ಬೊಡ್ಡೆ ಸೌದೆ ಕೊಟ್ಟಿಗೆಯಲ್ಲಿ ಒಂದು ಬೇಸಿಗೆಯಾದರೂ ಕಳೆಯಲಿ. ಉಗುರಿನಿಂದ ಗೀರಿದರೆ ಗುರುತು ಬೀಳದಷ್ಟು ಗಟ್ಟಿಯಿರಬೇಕು. ಮೆತ್ತಗಾದ ಜಾಗವನ್ನೆಲ್ಲ ಕತ್ತಿಯಿಂದ ಕೆತ್ತಿ ತೆಗೆಯಿರಿ. ತೊಗಟೆಯನ್ನು ಎಳ್ಳಷ್ಟೂ ಉಳಿಸಬೇಡಿ. ಸಿಂಪಡಿಸಿದ್ದು, ಬಳಿದದ್ದು ಹೆಚ್ಚಾಗಿ ಸೇರಿಕೊಂಡಿರುವುದು ಅಲ್ಲೇ, ಮೊದಲು ಕೊಳೆಯುವುದೂ ಅದೇ. ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಸುಲಭವಾಗಿ ಏಳುತ್ತದೆ. ಆಮೇಲೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಎರಡು ಗಂಟೆ ಕುದಿಸಿ, ನೀರು ಚೆಲ್ಲಿ, ಮತ್ತೆ ಕುದಿಸಬೇಕು. ಸೋಪು ಬಳಸಬೇಡಿ. ಅನಂತರ ಎರಡು ಮೂರು ವಾರ ಡ್ರಮ್ಮಿನಲ್ಲಿ ಮುಳುಗಿಸಿಟ್ಟು ಎರಡು ದಿನಕ್ಕೊಮ್ಮೆ ನೀರು ಬದಲಾಯಿಸುತ್ತಾ ಇದ್ದರೆ ಚಹಾದ ಬಣ್ಣದ ಒಗರು ಇಳಿಯುತ್ತಾ ಬರುತ್ತದೆ. ಈ ಬಣ್ಣದಿಂದ ಮೀನಿಗೆ ತೊಂದರೆಯಿಲ್ಲ. ನೋಡುವವರಿಗೆ ಮಾತ್ರ ಇಷ್ಟವಾಗುವುದಿಲ್ಲ.

ಒಣಗಿದ ಕಾಫಿ ಬೊಡ್ಡೆ ಮೊದಲು ತೇಲುತ್ತದೆ. ನೀರು ಕುಡಿದ ಮೇಲೆ ಮುಳುಗುತ್ತದೆ. ಅವಸರವಿದ್ದರೆ ಅಡಿಗೆ ಗ್ರಾನೈಟಿನ ತುಂಡೊಂದನ್ನು ಸ್ಟೀಲಿನ ತಿರುಪಿನಿಂದ ಬಿಗಿಯಬಹುದು. ಎರಡು ಗಾಜಿನ ನಡುವೆ ಸಿಕ್ಕಿಸಿ ನಿಲ್ಲಿಸಬೇಡಿ, ನೆನೆದ ಕಟ್ಟಿಗೆ ಉಬ್ಬಿ ಗಾಜು ಒಡೆಯುವುದುಂಟು.

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ಎರಡು ಬಕೆಟ್ ತೆಗೆದುಕೊಳ್ಳಿ, ಪ್ಲಾಸ್ಟಿಕ್ಕಿನವು. ಎರಡಕ್ಕೂ ಒಂದೇ ನೀರು, ತೊಟ್ಟಿಯದೇ ಆದರೆ ಉತ್ತಮ. ಒಂದರಲ್ಲಿ ಬೊಡ್ಡೆ ಇಡಿ, ಇನ್ನೊಂದು ಹೋಲಿಕೆಗೆ ಖಾಲಿ ಇರಲಿ. ಎರಡರಲ್ಲೂ ತೊಟ್ಟಿಯ ಐದಾರು ಬಸವನಹುಳು ಬಿಟ್ಟು ಒಂದು ವಾರ ನೋಡಿ. ತೊಟ್ಟಿಯಲ್ಲಿ ಇವು ಬೇಡವೆಂದರೂ ಹೆಚ್ಚುವ ಪ್ರಾಣಿಗಳು. ತಾಮ್ರಕ್ಕೆ ಇವು ಬೇಗ ಹೆದರುತ್ತವೆ. ಬೊಡ್ಡೆಯಿರುವ ಬಕೆಟ್ಟಿನವು ಮುದುಡಿ ತಳಕ್ಕೆ ಬಿದ್ದು, ಇನ್ನೊಂದರವು ಓಡಾಡಿಕೊಂಡಿದ್ದರೆ ಆ ಬೊಡ್ಡೆ ಒಲೆಗೆ. ಹೊಸ ಗೊಬ್ಬರವನ್ನು ನರ್ಸರಿಯ ನಾಲ್ಕು ಸಸಿಗೆ ಹಾಕಿ ನೋಡಿದ ಮೇಲೆ ತೋಟಕ್ಕೆ ಹಾಕುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೀಟನಾಶಕದ ವಿಷಯದಲ್ಲಿ ಮಾತ್ರ ಬಸವನಹುಳುವಿನ ಸಾಕ್ಷಿಯೊಂದೇ ಸಾಲದು. ಅವು ತಾಳಿಕೊಂಡದ್ದನ್ನು ಸೀಗಡಿ ತಾಳದೆ ಇರಬಹುದು. ಆದುದರಿಂದಲೇ ಔಷಧಿ ಬಳಿದ ತಾಕಿನದನ್ನು ಪರೀಕ್ಷೆಗೂ ತರಬೇಡಿ ಎನ್ನುವುದು.

ತೊಟ್ಟಿಗೆ ಇಳಿಸಿದ ಮೊದಲ ವಾರಗಳಲ್ಲಿ ಕಟ್ಟಿಗೆಯ ಮೇಲೆ ಬೆಳ್ಳಗೆ ಲೋಳೆಯಂಥ ಬೂಷ್ಟು ಕಟ್ಟಿದರೆ ಗಾಬರಿ ಬೇಡ, ಸೀಗಡಿಗಳೇ ಅದನ್ನು ಮೇಯ್ದು ಮುಗಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಹೊರಗೆ ತೆಗೆಯಬೇಕು.

ಕಟ್ಟಿಗೆಯನ್ನೂ ಕಲ್ಲನ್ನೂ ಕಾಡಿನ ಒಂದು ಮೂಲೆಯಂತೆ ಜೋಡಿಸಿ ಗಿಡ ಬೆಳೆಸುವ ಈ ಪದ್ಧತಿಯನ್ನು ಜಗತ್ತಿಗೆ ಪ್ರಸಿದ್ಧಪಡಿಸಿದವರು ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (1954–2015). ಅವರ ಚಿತ್ರಗಳನ್ನು ಮೊಮ್ಮಗ ತೋರಿಸಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಕೆಳಗಿನ ಹಳ್ಳ. ಬೇರಿನ ಸಂದಿಯಲ್ಲಿ ಜರಿಗಿಡ, ಕಲ್ಲಿನ ಮೇಲೆ ಹಾವಸೆ. ಲ್ಯಾಜೆನಾಂಡ್ರಾ, ಕ್ರಿಪ್ಟೊಕೊರೈನ್ ಎಂದು ಅಂಗಡಿಯವರು ಮಾರುವ ಗಿಡಗಳ ಕೆಲವು ಜಾತಿಗಳು ಪಶ್ಚಿಮ ಘಟ್ಟದ ಹಳ್ಳಗಳವೇ. ಹಾಗೆಂದು ಹಳ್ಳದಿಂದ ಕಿತ್ತು ತರಬೇಡಿ. ಸಾಕಿ ಬೆಳೆಸಿದವು ಸಿಗುತ್ತವೆ.

ಸದಸ್ಯರಲ್ಲಿ ನನ್ನದೊಂದು ವಿನಂತಿ. ಬೊಡ್ಡೆ ಕಿತ್ತ ದಿನವೇ ಅರೇಬಿಕಾದ್ದನ್ನೂ ರೊಬಸ್ಟಾದ್ದನ್ನೂ ಬೇರೆ ಬೇರೆ ರಾಶಿ ಹಾಕಿಸಿ. ಒಣಗಿದ ಮೇಲೆ ಯಾವುದು ಯಾವ ತಾಕಿನದೆಂದು ಆಳುಗಳಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಯಾರಾದರೂ ತೊಟ್ಟಿಗೆಂದು ಕೇಳಿದರೆ ಔಷಧಿ ಬಳಿದದ್ದು ಹೌದೋ ಅಲ್ಲವೋ ಎಂಬುದನ್ನು ಬಾಯಿಬಿಟ್ಟು ಹೇಳಿ. ನೆನಪಿಲ್ಲದಿದ್ದರೆ ಕೊಡಬೇಡಿ.

ಈ ಸಲ ನಾನು ಒಯ್ದದ್ದು ಮನೆಯ ಹಿಂದಿನ ಹಳೆಯ ರೊಬಸ್ಟಾದ ಬೇರು. ಅದರ ಹತ್ತಿರ ಅಡಿಕೆ ಮರವೂ ಇಲ್ಲ. ಮೂರು ವಾರ ನೆನೆದು ಈಗ ಬಸವೇಶ್ವರನಗರದ ಬಚ್ಚಲಿನಲ್ಲಿ ನೀಲಿ ಬಕೆಟ್ಟಿನೊಳಗಿದೆ. ನಿನ್ನೆಗೆ ಐದು ದಿನವಾಯಿತು. ಮೊಮ್ಮಗ ಬೆಳಿಗ್ಗೆ ಎದ್ದವನೇ ಎಣಿಸಿ ಫೋನು ಮಾಡುತ್ತಾನೆ: ಆರಕ್ಕೆ ಆರೂ ನಡೆದಾಡುತ್ತಿವೆಯಂತೆ.